ದಪ್ಪ ಪುಸ್ತಕ ಸದ್ಯಕ್ಕೆ ಬೀರುವಿನಲ್ಲಿರಲಿ

ಪ್ರಶ್ನೆ: ನಾವು ತೀರ್ಥಹಳ್ಳಿ ಹತ್ತಿರದ ಹಳ್ಳಿಯವರು. ಮಗಳಿಗೆ 12 ವರ್ಷ, ಏಳನೇ ಕ್ಲಾಸು. ಸ್ಕೂಲ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದಲು ಅವಳನ್ನು ಆರಿಸಿದ್ದಾರೆ. ಬ್ಯಾಂಡ್ ಮಾಸ್ಟರು ಶಿವಮೊಗ್ಗದಿಂದ ವಾರಕ್ಕೊಮ್ಮೆ ಬರುತ್ತಾರೆ. ಹಾಡುಗಳನ್ನು ಸರಿಗಮದಲ್ಲಿ ಬರೆದುಕೊಡುತ್ತಾರೆ. ಮನೆಯಲ್ಲಿ ನೋಡಿಕೊಂಡು ಕಲಿಯಲಿ ಅಂತ ನನ್ನ ತಮ್ಮ ಆರ್ಬನ್ ಎಂಬುವರ ಪುಸ್ತಕವನ್ನು ಇಂಟರ್ನೆಟ್ಟಿನಿಂದ ಇಳಿಸಿ, ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ ಕಳಿಸಿದ. ಟ್ರಂಪೆಟ್ ಕಲಿಯುವವರಿಗೆಲ್ಲ ಇದೇ ಪುಸ್ತಕ ಅಂತೆ. ಮಗಳು ಮೊದಲ ಕೆಲವು ಪುಟಗಳಲ್ಲೇ ಸಿಕ್ಕಿಹಾಕಿಕೊಂಡಿದ್ದಾಳೆ. ಮೇಲಿನ ಸ್ವರ ಬರುವುದಿಲ್ಲ, ತುಟಿ ನೋವು ಅಂತಾಳೆ. ಈಗೀಗ ಪೆಟ್ಟಿಗೆ ತೆಗೆಯುವುದೇ ಅಪರೂಪ. ನಮ್ಮತ್ತೆ ಬೇರೆ, ಹೆಣ್ಣು ಹುಡುಗಿಗೆ ಇದೆಲ್ಲ ಯಾಕೆ, ಶ್ವಾಸಕೋಶ ಕೆಡುತ್ತೆ, ಹಲ್ಲು ಉಬ್ಬುತ್ತೆ ಅಂತ ದಿನಾ ಹೇಳುತ್ತಾರೆ. ಅವಳಿಗೆ ಟ್ರಂಪೆಟ್ ಆಗಿಬರುವುದಿಲ್ಲವೋ, ಪುಸ್ತಕ ಸರಿಯಿಲ್ಲವೋ? ಬೇರೆ ಯಾವುದು ತರಿಸಲಿ? ಸರಿಗಮ ಬಿಟ್ಟು ಇಂಗ್ಲಿಷ್ ನೊಟೇಶನ್ನೇ ಕಲಿಯಬೇಕಾ?

ಉತ್ತರ: ಮೊದಲು ನಿಮ್ಮ ಮಗಳಿಗೆ ಒಂದು ಮಾತು ಹೇಳಿಬಿಡಿ. ಅವಳಲ್ಲಿ ಏನೂ ಕೊರತೆ ಇಲ್ಲ. ಆ ಪುಸ್ತಕ ಹಿಡಿದು ಒಬ್ಬಳೇ ಕೂತರೆ ಯಾವ ಮಗುವಿಗಾದರೂ ಹೀಗೇ ಆಗುತ್ತದೆ. ಟ್ರಂಪೆಟ್ ಕಲಿಯಲು ಬರುವ ಮಕ್ಕಳಲ್ಲಿ ನಾನು ಜಾಸ್ತಿ ನೋಡುವ ತೊಂದರೆಯೇ ಇದು. ಮಗು ಸರಿಯಾಗಿಯೇ ಇರುತ್ತದೆ, ಪುಸ್ತಕವೂ ಒಳ್ಳೆಯದೇ ಇರುತ್ತದೆ, ಆದರೆ ಎರಡೂ ಭೇಟಿಯಾಗುವ ಕಾಲ ಇನ್ನೂ ಬಂದಿರುವುದಿಲ್ಲ.

ನಿಮ್ಮ ತಮ್ಮ ಕೆಟ್ಟ ಪುಸ್ತಕವನ್ನೇನೂ ಕಳಿಸಿಲ್ಲ. ಜ್ಯಾಂ ಬ್ಯಾಪ್ಟಿಸ್ಟ್ ಆರ್ಬನ್ ಪ್ಯಾರಿಸ್ಸಿನ ಸರ್ಕಾರಿ ಸಂಗೀತ ವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. ಟ್ರಂಪೆಟ್ಟಿನ ತಂಗಿಯಂಥ ಕಾರ್ನೆಟ್ ವಾದ್ಯಕ್ಕಾಗಿ ಬರೆದ ಅವರ ಪುಸ್ತಕ 1864ರಲ್ಲಿ ಹೊರಬಂತು. ಇವತ್ತಿಗೂ ದೊಡ್ಡ ದೊಡ್ಡ ವಾದಕರು ಅದನ್ನು ದಿನಾ ತೆರೆಯುತ್ತಾರೆ. ಈಗ ಸಿಗುವ ಮುದ್ರಣದಲ್ಲಿ ಮುನ್ನೂರಕ್ಕೂ ಹೆಚ್ಚು ಪುಟ ಇದೆ. ಆದರೆ ಅದು ಸುಲಭದಿಂದ ಕಷ್ಟಕ್ಕೆ ಹೋಗುವ ಹಾಗೆ ಜೋಡಿಸಿದ ಪುಸ್ತಕ ಅಲ್ಲ. ವಿಷಯದ ಪ್ರಕಾರ ಜೋಡಿಸಿದ್ದು. ಒಂದು ಕಡೆ ಸ್ವರ ಬೆಸೆಯುವ ಅಭ್ಯಾಸ, ಒಂದು ಕಡೆ ಸ್ಕೇಲುಗಳು, ಇನ್ನೊಂದು ಕಡೆ ನಾಲಿಗೆಯ ಕೆಲಸ, ಕೊನೆಯಲ್ಲಿ ಕಛೇರಿಯಲ್ಲಿ ನುಡಿಸುವಂಥ ಕಠಿಣ ರಚನೆಗಳು. ಇವತ್ತು ಇಲ್ಲಿಂದ ಎರಡು ಸಾಲು, ಅಲ್ಲಿಂದ ಒಂದು ಸಾಲು ಅಂತ ಗುರುಗಳು ಆರಿಸಿಕೊಡಬೇಕು. ಮೊದಲ ಪುಟದಿಂದ ಸಾಲಾಗಿ ಓದಿಕೊಂಡು ಹೋದರೆ ಕೆಲವೇ ಪುಟಗಳಲ್ಲಿ ಸ್ವರಗಳು ತುಂಬಾ ಮೇಲಕ್ಕೆ ಹೋಗುತ್ತವೆ, ನಡುವೆ ಉಸಿರಾಡಲು ಬಿಡುವೂ ಕಡಿಮೆ. ತೋಟದ ಕೆಲಸಕ್ಕೆ ಹೊಸದಾಗಿ ಬಂದವನನ್ನು ಮೊದಲ ದಿನವೇ ಅಡಿಕೆ ಮರ ಹತ್ತಿಸಿ ಕೊನೆ ಕೊಯ್ಯಿ ಅಂದ ಹಾಗಾಗುತ್ತದೆ.

ನಿಮ್ಮತ್ತೆಯವರ ಆತಂಕಕ್ಕೂ ಉತ್ತರ ಹೇಳುತ್ತೇನೆ. ಅವರು ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಹೇಳುತ್ತಿರುವುದು. ಆರೋಗ್ಯವಾಗಿರುವ ಮಗುವಿನ ಶ್ವಾಸಕೋಶ ಟ್ರಂಪೆಟ್ ಊದಿ ಕೆಡುವುದಿಲ್ಲ. ಆಳವಾಗಿ ಉಸಿರು ತೆಗೆದುಕೊಳ್ಳುವ ಅಭ್ಯಾಸ ಆಗುತ್ತದೆ, ಅಷ್ಟೇ. ಆಸ್ತಮಾ, ಹರ್ನಿಯಾ ಮೊದಲೇ ಇದ್ದರೆ ಮಾತ್ರ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಊದುವಾಗ ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ ಕೂರಬೇಕು. ಹೊಸಬರಿಗೆ ಉಸಿರಿನ ಲೆಕ್ಕ ತಪ್ಪಿ ಹಾಗಾಗುವುದುಂಟು. ಹಲ್ಲಿನ ವಿಚಾರಕ್ಕೆ ಬಂದರೆ, ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಗಟ್ಟಿಯಾಗಿ ನಿಂತ ಮೇಲೆ ಶುರು ಮಾಡುವುದು ಒಳ್ಳೆಯದು. 12ನೇ ವರ್ಷಕ್ಕೆ ಅದು ಆಗಿರುತ್ತದೆ. ಹಲ್ಲಿಗೆ ಕ್ಲಿಪ್ ಹಾಕಿಸುವ ಯೋಚನೆ ಇದ್ದರೆ ದಂತವೈದ್ಯರಿಗೆ ಮೊದಲೇ ಹೇಳಿ. ಕ್ಲಿಪ್ ಇದ್ದರೂ ಊದಬಹುದು, ಆದರೆ ಕೆಲವು ವಾರ ಹಿಂದೆ ಬೀಳುತ್ತಾಳೆ, ಅದನ್ನು ಮಾಸ್ಟರೂ ಅರ್ಥ ಮಾಡಿಕೊಳ್ಳಬೇಕು. ಇನ್ನು ಹೆಣ್ಣು ಹುಡುಗಿ ಅನ್ನುವ ಮಾತು. ಬ್ರಿಟನ್ನಿನ ಅಲಿಸನ್ ಬಾಲ್ಸಮ್ ನುಡಿಸಿದ್ದನ್ನು ಒಂದು ಸಂಜೆ ಅಜ್ಜಿ ಮೊಮ್ಮಗಳು ಇಬ್ಬರೂ ಕೂತು ಮೊಬೈಲಿನಲ್ಲಿ ಕೇಳಲಿ. ಜಗತ್ತಿನ ಒಳ್ಳೆಯ ಟ್ರಂಪೆಟ್ ವಾದಕರ ಹೆಸರು ಹೇಳುವಾಗ ಆಕೆಯ ಹೆಸರು ಬಂದೇ ಬರುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಬೇರೆ ಕಡೆ. ಸ್ಕೂಲ್ ಬ್ಯಾಂಡಿನಲ್ಲಿ ಒಂದೇ ಮೌತ್‌ಪೀಸನ್ನು, ಅಂದರೆ ತುಟಿಗೆ ಇಟ್ಟುಕೊಳ್ಳುವ ಬಿಡಿ ತುದಿಯನ್ನು, ನಾಲ್ಕು ಮಕ್ಕಳು ಊದುತ್ತಾರೆ. ಅದು ಬೇಡ. ಅವಳಿಗೆ ಅಂತಲೇ ಒಂದು ಮೌತ್‌ಪೀಸ್ ತೆಗೆದುಕೊಡಿ, ವಾರಕ್ಕೊಮ್ಮೆ ಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಲಿ.

ಈಗ ತುಟಿ ನೋವಿನ ಮೂಲಕ್ಕೆ ಬರೋಣ. ಪುಸ್ತಕ ಆರಿಸುವ ಗುಟ್ಟೂ ಅಲ್ಲೇ ಇದೆ.

ಟ್ರಂಪೆಟ್ಟಿನಲ್ಲಿ ಸದ್ದು ಹುಟ್ಟುವುದು ತುಟಿಯಲ್ಲಿ. ಗಾಳಿ ಹಾಯುವಾಗ ಎರಡು ತುಟಿ ನಡುಗುತ್ತವೆ, ಹಿತ್ತಾಳೆಯ ಕೊಳವೆ ಆ ನಡುಕವನ್ನು ದೊಡ್ಡದು ಮಾಡುತ್ತದೆ. ಹಾರ್ಮೋನಿಯಂನಲ್ಲಿ ಒಂದು ಮನೆಗೆ ಒಂದೇ ಸ್ವರ. ಇಲ್ಲಿ ಹಾಗಲ್ಲ. ಬೆರಳಿನಿಂದ ಒತ್ತುವ ಮೂರು ಗುಂಡಿಗಳಿಗೆ ವಾಲ್ವ್ ಅನ್ನುತ್ತಾರೆ. ಯಾವ ವಾಲ್ವೂ ಒತ್ತದೆ, ಬರೀ ತುಟಿಯ ಬಿಗಿ ಮತ್ತು ಗಾಳಿಯ ವೇಗ ಬದಲಿಸಿ ಸ, ಪ, ಮೇಲಿನ ಸ, ಮೇಲಿನ ಗ, ಮೇಲಿನ ಪ ಇಷ್ಟೂ ತೆಗೆಯಬಹುದು. ಹಾಗಾಗಿ ಬೆರಳು ಸರಿಯಾಗಿದ್ದರೂ ಬೇರೆ ಸ್ವರ ಬರುತ್ತದೆ. ಮಗು ಗಾಬರಿಯಾಗುತ್ತದೆ. ತುಟಿಯ ಸ್ನಾಯುವಿಗೆ ಇನ್ನೂ ಶಕ್ತಿ ಬಂದಿರುವುದಿಲ್ಲ, ಆದರೆ ಪುಸ್ತಕ ಮೇಲಿನ ಸ್ವರ ಕೇಳುತ್ತಿರುತ್ತದೆ. ಆಗ ಸುಲಭಕ್ಕೆ ತೋಚುವ ಉಪಾಯ ಒಂದೇ, ಮೌತ್‌ಪೀಸನ್ನು ತುಟಿಗೆ ಗಟ್ಟಿಯಾಗಿ ಒತ್ತುವುದು. ಆ ಕ್ಷಣಕ್ಕೆ ಸ್ವರ ಬರುತ್ತದೆ. ಆದರೆ ತುಟಿಗೆ ರಕ್ತ ಓಡಾಡುವುದು ಕಡಿಮೆಯಾಗುತ್ತದೆ, ನೋವು ಶುರುವಾಗುತ್ತದೆ, ಸದ್ದು ಹಿಂಡಿದ ಹಾಗೆ ಕೀಚಲಾಗುತ್ತದೆ. ಹೀಗೇ ಕೆಲವು ತಿಂಗಳು ಕಳೆದರೆ ಒತ್ತಿ ಊದುವುದೇ ಅಭ್ಯಾಸವಾಗಿಬಿಡುತ್ತದೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ನನಗೆ ಅತಿ ಹೆಚ್ಚು ಬೇಸರ ತರುವ ಸಂಗತಿ ಇದು, ಯಾಕೆಂದರೆ ಸುಮ್ನೆ ಒಂದು ಸರಿಯಾದ ಪುಸ್ತಕ ಇದ್ದಿದ್ದರೆ ತಪ್ಪಿಸಬಹುದಿತ್ತು.

ಅದಕ್ಕೇ ನಾನು ಯಾವ ಪುಸ್ತಕ ಕೈಗೆ ಬಂದರೂ ಮೊದಲು ಹತ್ತನೇ ಪುಟ ತೆರೆಯುತ್ತೇನೆ. ಅಲ್ಲಿಯವರೆಗೆ ಐದಾರು ಸ್ವರದೊಳಗೇ ಆಟ ನಡೆದಿದ್ದರೆ ಒಳ್ಳೆಯದು. ಪ್ರತಿ ಸಾಲಿನಲ್ಲೂ ಬಿಡುವಿನ ಗುರುತು ಇರಬೇಕು. ಆ ಬಿಡುವಿನಲ್ಲಿ ಮಗು ಮೌತ್‌ಪೀಸನ್ನು ತುಟಿಯಿಂದ ತೆಗೆಯುತ್ತದೆ, ತುಟಿಗೆ ಮತ್ತೆ ರಕ್ತ ಬರುತ್ತದೆ. ಒಂದು ಪುಟಕ್ಕೆ ಒಂದೇ ಹೊಸ ವಿಷಯ ಇರಬೇಕು. ಹೊಸ ಸ್ವರವೂ ಹೊಸ ತಾಳವೂ ಒಟ್ಟಿಗೆ ಬಂದರೆ ಎರಡೂ ಕೆಡುತ್ತವೆ. ಶುರುವಾಗುವುದು ಎಲ್ಲಿಂದ ಅಂತಲೂ ನೋಡುತ್ತೇನೆ. ತೀರಾ ಕೆಳಗಿನ ಸ್ವರದಿಂದ ಶುರು ಮಾಡಿ ಏರುತ್ತಲೇ ಹೋಗುವುದಕ್ಕಿಂತ, ನಡುವಿನ ಪ ಹಿಡಿದು ಅಲ್ಲಿಂದ ಕೆಳಗೆ ಇಳಿಯುವ ಪಾಠ ಎಷ್ಟೋ ಮಕ್ಕಳ ತುಟಿಗೆ ಹಿತ.

ನಮ್ಮಲ್ಲಿ ತರಿಸಿಕೊಳ್ಳಬಹುದಾದ ಪುಸ್ತಕಗಳಲ್ಲಿ ಮೂರರ ಬಗ್ಗೆ ಹೇಳುತ್ತೇನೆ.

‘ಎಸೆನ್ಷಿಯಲ್ ಎಲಿಮೆಂಟ್ಸ್’ ಅಮೆರಿಕದ ಸ್ಕೂಲ್ ಬ್ಯಾಂಡುಗಳಿಗಾಗಿ ಮಾಡಿದ್ದು. ಒಂದೊಂದು ವಾದ್ಯಕ್ಕೆ ಒಂದೊಂದು ಪುಸ್ತಕ. ಚಿತ್ರ ದೊಡ್ಡದು, ಅಕ್ಷರ ದೊಡ್ಡದು, ನಡಿಗೆ ನಿಧಾನ. ಪುಸ್ತಕದೊಳಗೆ ಒಂದು ಕೋಡ್ ಇರುತ್ತದೆ, ಅದನ್ನು ಹಾಕಿದರೆ ಪಾಠಕ್ಕೆ ಹಿನ್ನೆಲೆ ಸಂಗೀತ ಸಿಗುತ್ತದೆ. ನಿಮ್ಮ ಮಗಳಿಗೆ ನಾನು ಹೇಳುವುದು ಇದನ್ನೇ. ವಾರದ ಆರು ದಿನ ಅವಳ ಶ್ರುತಿ ಸರಿಯಿದೆಯಾ, ತಾಳ ತಪ್ಪಿತಾ ಅಂತ ಹೇಳುವವರು ಮನೆಯಲ್ಲಿ ಇಲ್ಲ. ಆ ಹಿನ್ನೆಲೆ ಸಂಗೀತದ ಜೊತೆ ಊದಿದರೆ ತಪ್ಪಿದ್ದು ಅವಳಿಗೇ ಕೇಳಿಸುತ್ತದೆ. ತೊಂದರೆಗಳೂ ಇವೆ. ಜೆರಾಕ್ಸ್ ಪ್ರತಿಯಲ್ಲೋ ಬೇರೆಯವರು ಬಳಸಿಬಿಟ್ಟ ಪುಸ್ತಕದಲ್ಲೋ ಕೋಡ್ ನಡೆಯದೆ ಹೋಗಬಹುದು. ನಿಮ್ಮ ಊರಲ್ಲಿ ನೆಟ್‌ವರ್ಕ್ ಗುಡ್ಡ ಹತ್ತಿದರೆ ಮಾತ್ರ ಸಿಗುತ್ತದೆ ಅಂದರೆ ಅರ್ಧ ಉಪಯೋಗ ಹೋಯಿತು. ಮತ್ತೆ ಅದರ ಕೆಲವು ಪಾಠ ಇಡೀ ಬ್ಯಾಂಡ್ ಸೇರಿ ನುಡಿಸಲು ಬರೆದದ್ದು. ಒಬ್ಬಳೇ ಊದಿದರೆ ಹಾಡು ಅರ್ಧಕ್ಕೆ ನಿಂತ ಹಾಗೆ ಅನ್ನಿಸುತ್ತದೆ. ಅಂಥವನ್ನು ಬಿಟ್ಟು ಮುಂದೆ ಹೋಗಲಿ, ಏನೂ ನಷ್ಟವಿಲ್ಲ.

‘ರೂಬ್ಯಾಂಕ್ ಎಲಿಮೆಂಟರಿ ಮೆಥಡ್’ ಹಳೇ ಕಾಲದ ತೆಳ್ಳನೆಯ ಪುಸ್ತಕ. ಬಣ್ಣ ಇಲ್ಲ, ವಿವರಣೆ ಕಡಿಮೆ, ಸಾಲು ಸಾಲು ಅಭ್ಯಾಸ. ಎದುರಿಗೆ ಕೂತು ಕೇಳುವ ಗುರು ಇದ್ದರೆ ನನಗೆ ಇದು ತುಂಬಾ ಇಷ್ಟ, ಯಾಕೆಂದರೆ ಒಂದು ಸಾಲೂ ವ್ಯರ್ಥವಿಲ್ಲ. ಆದರೆ ಬೇಗ ಬೇಗ ಮುಂದೆ ಹೋಗುತ್ತದೆ. ಒಬ್ಬಳೇ ಕಲಿಯುವ ಮಗು ಕಷ್ಟದ ಸಾಲು ಬಿಟ್ಟು ಬಿಟ್ಟು ಕೊನೆ ಮುಟ್ಟಿ, ಪುಸ್ತಕ ಮುಗೀತು ಅನ್ನುತ್ತದೆ.

‘ಎ ಟ್ಯೂನ್ ಎ ಡೇ’ ಕೂಡ ಹಳೆಯದು. ಒಬ್ಬ ಗುರು, ಒಬ್ಬ ಶಿಷ್ಯ ಕೂತು ಪಾಠ ಪಾಠವಾಗಿ ನಡೆಸಲು ಹೊಂದುತ್ತದೆ. ಬ್ಯಾಂಡಿನ ಪುಸ್ತಕ ಗದ್ದಲ ಅನ್ನಿಸುವ ಮಕ್ಕಳಿಗೆ ಇದು ಸಮಾಧಾನ.

ಮೂರರಲ್ಲೂ ವಿದೇಶದ ಹಾಡುಗಳೇ ಜಾಸ್ತಿ. ಅದಕ್ಕೆ ಬೇಸರ ಬೇಡ, ಪರಿಹಾರ ಕೆಳಗೆ ಹೇಳುತ್ತೇನೆ.

ತರಿಸುವಾಗ ಆಗುವ ದೊಡ್ಡ ಎಡವಟ್ಟು ಒಂದಿದೆ. ಒಂದೇ ಹೆಸರಿನ, ಒಂದೇ ಥರದ ಮುಖಪುಟದ ಪುಸ್ತಕ ಹತ್ತಾರು ವಾದ್ಯಗಳಿಗೆ ಇರುತ್ತದೆ. ಮುಖಪುಟದ ಮೇಲೆ ‘ಬಿ ಫ್ಲಾಟ್ ಟ್ರಂಪೆಟ್’ ಅಥವಾ ‘ಟ್ರಂಪೆಟ್, ಕಾರ್ನೆಟ್’ ಅಂತ ಇದೆಯಾ ನೋಡಿಯೇ ದುಡ್ಡು ಕಟ್ಟಿ. ಟ್ರಾಂಬೋನ್ ಪುಸ್ತಕ ಬಂದರೆ ಅದು ಬಾಸ್ ಕ್ಲೆಫ್‌ನಲ್ಲಿರುತ್ತದೆ, ಅಂದರೆ ಕೆಳಗಿನ ಸ್ವರಗಳಿಗಾಗಿ ಗೆರೆಗಳ ಲೆಕ್ಕವೇ ಬೇರೆ ಇರುತ್ತದೆ, ನಿಮ್ಮ ಮಗಳಿಗೆ ಒಂದು ಸಾಲೂ ಉಪಯೋಗಕ್ಕೆ ಬಾರದು. ‘ಕಂಡಕ್ಟರ್’ ಅಂತ ಇದ್ದರೆ ಅದು ಮಾಸ್ಟರ ಪ್ರತಿ. ಸ್ಕೂಲಿನವರು ಎಲ್ಲ ಮಕ್ಕಳಿಗೂ ಒಟ್ಟಿಗೆ ತರಿಸುವುದಾದರೆ ಯುಫೋನಿಯಂ ಅನ್ನುವ ದಪ್ಪ ಸದ್ದಿನ ಹಿತ್ತಾಳೆ ವಾದ್ಯದ ವಿಚಾರದಲ್ಲಿ ಇನ್ನೂ ಹುಷಾರು ಬೇಕು. ಅದಕ್ಕೆ ಟ್ರೆಬಲ್ ಕ್ಲೆಫ್ (ಟ್ರಂಪೆಟ್ ಪುಸ್ತಕದ ಬರಹ), ಬಾಸ್ ಕ್ಲೆಫ್ ಎರಡು ಬಗೆಯ ಪುಸ್ತಕ ಬರುತ್ತದೆ. ಟ್ರೆಬಲ್ ಕ್ಲೆಫ್‌ನದು ತೆಗೆದುಕೊಂಡರೆ ಬೆರಳಿನ ಲೆಕ್ಕ ಟ್ರಂಪೆಟ್ಟಿನದ್ದೇ, ಸದ್ದು ಒಂದು ಸ್ಥಾಯಿ (ಸ ಇಂದ ಮೇಲಿನ ಸ ವರೆಗಿನ ಅಂತರ) ಕೆಳಗೆ. ಮಾಸ್ಟರಿಗೆ ಇಬ್ಬರಿಗೂ ಒಟ್ಟಿಗೆ ಪಾಠ ಮಾಡಲು ಅನುಕೂಲ.

ನೆಟ್ಟಿನಿಂದ ಇಳಿಸಿದ ಪ್ರತಿಯ ಬಗ್ಗೆಯೂ ಒಂದು ಮಾತು. ಆರ್ಬನ್ 1889ರಲ್ಲೇ ತೀರಿಕೊಂಡರು. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡು 60 ವರ್ಷವಾದ ಮೇಲೆ ಪುಸ್ತಕದ ಹಕ್ಕು ಮುಗಿಯುತ್ತದೆ. ಹಾಗಾಗಿ ಅವರ ಮೂಲ ಪುಸ್ತಕ ಇಳಿಸಿಕೊಂಡದ್ದರಲ್ಲಿ ತಪ್ಪಿಲ್ಲ. ಈಗಿನವರು ತಿದ್ದಿ, ಟಿಪ್ಪಣಿ ಸೇರಿಸಿ ತಂದ ಮುದ್ರಣ, ಮತ್ತು ಹೊಸ ಪುಸ್ತಕಗಳ ಮಾತು ಬೇರೆ. ಅವನ್ನು ಕೊಂಡೇ ಬಳಸಿ.

ಇನ್ನು ಸರಿಗಮದ ಪ್ರಶ್ನೆ. ಇದನ್ನು ಬಿಡಿ ಅಂತ ನಾನು ಹೇಳುವುದೇ ಇಲ್ಲ. ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಇಂಗ್ಲಿಷ್ ಬ್ಯಾಂಡೂ ಇದೆ, ಕರ್ನಾಟಕ ಸಂಗೀತದ ಬ್ಯಾಂಡೂ ಇದೆ. ನಮ್ಮ ನಾಡಿನಲ್ಲಿ ಈ ಎರಡೂ ಜೊತೆಯಲ್ಲೇ ಬೆಳೆದಿವೆ. ನಿಮ್ಮ ಮಾಸ್ಟರು ಬರೆದುಕೊಡುವ ಸ್ವರ ಅವಳ ಕಿವಿಯನ್ನು ತಯಾರು ಮಾಡುತ್ತದೆ. ಹಾಡಿ, ಆಮೇಲೆ ಊದುವ ಮಗು ಬೇಗ ಕಲಿಯುತ್ತದೆ. ಆದರೆ ಬ್ಯಾಂಡಿನ ಹಾಳೆಗಳಲ್ಲಿ ಸಾಮಾನ್ಯವಾಗಿ ಬರೀ ಸ್ವರ ಇರುತ್ತದೆ, ಯಾವ ಸ್ವರ ಎಷ್ಟು ಹೊತ್ತು ಅನ್ನುವುದು ಮಾಸ್ಟರ ಬಾಯಲ್ಲಿ ಇರುತ್ತದೆ. ಅವರು ಹೋದ ಮೇಲೆ ಮನೆಯಲ್ಲಿ ಮರೆತುಹೋಗುತ್ತದೆ. ಸ್ಟಾಫ್ ನೊಟೇಶನ್ನಿನಲ್ಲಿ, ಅಂದರೆ ನೀವು ಕೇಳಿದ ಐದು ಗೆರೆಯ ಇಂಗ್ಲಿಷ್ ನೊಟೇಶನ್ನಿನಲ್ಲಿ, ಆ ಕಾಲವೂ, ಬಿಡುವೂ ಕಣ್ಣಿಗೆ ಕಾಣುತ್ತದೆ. ಅದಕ್ಕೇ ಎರಡೂ ಬೇಕು. ಮೊದಲ ಹತ್ತು ಪುಟ ಸ್ವರದ ಕೆಳಗೆ ಪೆನ್ಸಿಲಿನಲ್ಲಿ ಸರಿಗಮ ಬರೆದುಕೊಳ್ಳಲಿ, ಆಮೇಲೆ ಅವಳೇ ಅಳಿಸುತ್ತಾ ಬರಲಿ. ಬೆರಳಿನ ನಂಬರನ್ನು ಮಾತ್ರ ಪ್ರತಿ ಸ್ವರದ ಕೆಳಗೆ ಬರೆಯಬೇಡಿ. ಆಗ ಕಣ್ಣು ನಂಬರನ್ನೇ ಓದುತ್ತದೆ, ಸ್ವರವನ್ನು ಓದುವುದಿಲ್ಲ.

ಸರಿಗಮದಲ್ಲಿ ಕಲಿಸುವಾಗ ಆಗುವ ಒಂದು ತೊಂದರೆ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಸಂಗೀತ ಪಾಠ ಅಂದರೆ ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ ಅನ್ನುವ ಮೊದಲ ಸ್ವರಪಾಠದಿಂದ ಶುರು. ಹಾಡುವವರಿಗೆ, ಪಿಟೀಲಿನವರಿಗೆ ಅದು ಸರಿ. ಟ್ರಂಪೆಟ್ಟಿನಲ್ಲಿ ಪುಸ್ತಕದ ಸಿ ಸ್ವರವನ್ನು ಸ ಅಂತ ಹಿಡಿದರೆ, ಆ ರಾಗದ ರಿ ಬರುವುದು ಮೂರೂ ವಾಲ್ವ್ ಒತ್ತಿದಾಗ. ಇಡೀ ವಾದ್ಯದಲ್ಲಿ ಶ್ರುತಿ ಏರಿಬಿಡುವ ಸ್ವರಗಳಲ್ಲಿ ಅದು ಮೊದಲನೆಯದು. ಮೂರನೇ ವಾಲ್ವಿನ ಸ್ಲೈಡನ್ನು (ಜಾರುವ ಕೊಳವೆ) ಎಡಗೈ ಬೆರಳಿಂದ ಹೊರಗೆ ಎಳೆದು ಸರಿಮಾಡಬೇಕು. ಹಳೇ ವಾದ್ಯಗಳಲ್ಲಿ ಆ ಸ್ಲೈಡ್ ಕಚ್ಚಿಕೊಂಡು ಕೂತಿರುತ್ತದೆ. ಮಗುವಿನ ಎರಡನೇ ಸ್ವರವೇ ಅಪಶ್ರುತಿ ಆದರೆ ಹೇಗೆ, ಅಲ್ವಾ? ಅದರ ಬದಲು ಅದೇ ಸರಳೆ ವರಸೆಯನ್ನು ಶಂಕರಾಭರಣದಲ್ಲಿ ಊದಿಸಿ ಅಂತ ಮಾಸ್ಟರಲ್ಲಿ ವಿನಂತಿ ಮಾಡಿ. ಒತ್ತುವ ವಾಲ್ವಿನ ನಂಬರ್ ಹೀಗೆ: ಸ ಖಾಲಿ, ರಿ ಒಂದು ಮೂರು, ಗ ಒಂದು ಎರಡು, ಮ ಒಂದು, ಪ ಖಾಲಿ, ದ ಒಂದು ಎರಡು, ನಿ ಎರಡು, ಮೇಲಿನ ಸ ಖಾಲಿ. ಇಂಗ್ಲಿಷ್ ಪುಸ್ತಕದ ಮೊದಲ ಸ್ಕೇಲೂ ಇದೇ. ಈ ರಿ ಕೂಡ ಸ್ವಲ್ಪ ಏರುತ್ತದೆ, ಆದರೆ ಅಷ್ಟಲ್ಲ.

ಮನೆಯ ಹಾರ್ಮೋನಿಯಂ ಅಥವಾ ಮೊಬೈಲಿನ ಶ್ರುತಿಪೆಟ್ಟಿಗೆ ಜೊತೆ ಊದಿದರೆ ಕೂಡುವುದಿಲ್ಲ ಅಂತ ಅವಳು ಹೇಳಿರಬಹುದು. ಅದು ಅವಳ ತಪ್ಪಲ್ಲ. ಬಿ ಫ್ಲಾಟ್ ಟ್ರಂಪೆಟ್ಟಿನಲ್ಲಿ ಪುಸ್ತಕದ ಸಿ ಊದಿದರೆ ಹಾರ್ಮೋನಿಯಂನ ಬಿ ಫ್ಲಾಟ್ ಕೇಳಿಸುತ್ತದೆ. ನಿಮ್ಮ ಕಡೆಯ ಯಕ್ಷಗಾನ ಭಾಗವತರ ಮಾತಿನಲ್ಲಿ ಹೇಳುವುದಾದರೆ ಕಪ್ಪು ಐದು, ಅಂದರೆ ಐದನೇ ಕಪ್ಪು ಮನೆ. ಶ್ರುತಿಪೆಟ್ಟಿಗೆಯನ್ನು ಅಲ್ಲಿಗೆ ಇಟ್ಟು ಊದಲಿ, ಕೂಡುತ್ತದೆ.

ನಮ್ಮ ಹಾಡು ಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಉತ್ತರ ಇದೆ. ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳು. ಮದರಾಸಿನ ಕಡೆ ಬ್ರಿಟಿಷರ ಬ್ಯಾಂಡಿನವರು ನುಡಿಸುತ್ತಿದ್ದಂಥ ಮಟ್ಟುಗಳಿಗೆ ದೀಕ್ಷಿತರು ಸಂಸ್ಕೃತದ ಸಾಹಿತ್ಯ ಕೂಡಿಸಿದರು. ಎಲ್ಲ ಶಂಕರಾಭರಣದ ನೇರ ಸ್ವರ, ಸ್ವರವನ್ನು ತೂಗಾಡಿಸುವ ಗಮಕ ಇಲ್ಲ. ‘ಶಕ್ತಿಸಹಿತ ಗಣಪತಿಂ’ ನಿಮ್ಮ ಊರಿನ ಸಂಗೀತದ ಮಕ್ಕಳಿಗೆ ಬಾಯಿಪಾಠ ಇರುತ್ತದೆ. ಬ್ಯಾಂಡಿನಿಂದ ಬಂದ ಮಟ್ಟು ಮತ್ತೆ ಬ್ಯಾಂಡಿನ ವಾದ್ಯಕ್ಕೆ ಇಷ್ಟು ಚೆನ್ನಾಗಿ ಕೂರುವುದನ್ನು ಕೇಳಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಒಂದು ಸ್ಥಾಯಿ ಕಷ್ಟವಿಲ್ಲದೆ ಬರುವ ಹೊತ್ತಿಗೆ ಒಂದೊಂದಾಗಿ ಕಲಿಯಲಿ. ಗಣಪತಿ ಹಬ್ಬಕ್ಕೆ ಮನೆಯಲ್ಲಿ ಊದಿದರೆ ಅತ್ತೆಯವರ ಮನಸ್ಸೂ ಬದಲಾಗಬಹುದು.

ಅಭ್ಯಾಸದ ಹೊತ್ತು ಕಡಿಮೆ ಇರಲಿ. ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ. ಎಷ್ಟು ಹೊತ್ತು ಊದಿದಳೋ ಅಷ್ಟು ಹೊತ್ತು ಬಿಡುವು. ತುಟಿ ನೋಯಲು ಶುರುವಾದರೆ ಅವತ್ತಿಗೆ ಸಾಕು. ನಾಳೆ ಊದಿದರಾಯಿತು. ಈಗ ನೋವಿರುವುದರಿಂದ ಮೂರು ನಾಲ್ಕು ದಿನ ಪೂರ್ತಿ ಬಿಟ್ಟು, ಆಮೇಲೆ ನಡುವಿನ ಪ ಒಂದನ್ನೇ ಮೆತ್ತಗೆ, ಉದ್ದಕ್ಕೆ ಊದುವುದರಿಂದ ಹೊಸದಾಗಿ ಶುರು ಮಾಡಲಿ. ಪುಸ್ತಕಕ್ಕೆ ಕಿವಿ ಇಲ್ಲ, ಒತ್ತಿ ಊದುತ್ತಿದ್ದಾಳಾ ಅಂತ ಅದು ಹೇಳಲಾರದು. ಮಾಸ್ಟರು ಬಂದಾಗ ಬ್ಯಾಂಡಿನ ಹಾಡಿಗೆ ಮೊದಲು ಐದು ನಿಮಿಷ ಅವಳೊಬ್ಬಳನ್ನೇ ಕೇಳಲಿ. ಹಾಡು ಬೇಡ, ಒಂದು ಉದ್ದ ಸ್ವರ ಸಾಕು. ಕನ್ನಡಿ ಎದುರು ನಿಂತು ಊದುವುದೂ ಒಳ್ಳೆಯದು. ಮೌತ್‌ಪೀಸ್ ತೆಗೆದಾಗ ತುಟಿಯ ಮೇಲೆ ಆಳವಾದ ಕೆಂಪು ಉಂಗುರ ತುಂಬಾ ಹೊತ್ತು ಉಳಿದರೆ ಒತ್ತುತ್ತಿದ್ದಾಳೆ ಅಂತಲೇ ಅರ್ಥ.

ಮಳೆಗಾಲದಲ್ಲಿ ನಿಮ್ಮ ಕಡೆ ಪುಸ್ತಕಕ್ಕೂ ಪೆಟ್ಟಿಗೆಗೂ ಬೂಷ್ಟು ಬರುತ್ತದೆ. ಊದಿ ಆದ ಮೇಲೆ ನೀರು ತೆಗೆದು, ಒರೆಸಿ, ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ತೆರೆದಿಡಿ. ವಾಲ್ವಿಗೆ ವಾಲ್ವ್ ಎಣ್ಣೆಯನ್ನೇ ಹಾಕಿ, ಅಡುಗೆ ಎಣ್ಣೆ ಹಾಕಿದರೆ ಅಂಟುತ್ತದೆ. ಹಿತ್ತಾಳೆ ಅಂತ ಹುಣಸೆಹುಳಿ ಹಚ್ಚಿ ಬೆಳಗಬೇಡಿ, ಮೇಲಿನ ಲ್ಯಾಕರ್ ಲೇಪ ಎದ್ದುಹೋಗುತ್ತದೆ.

ಆರ್ಬನ್ ಪುಸ್ತಕವನ್ನು ಎಸೆಯಬೇಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿಡಿ. ಮೊದಲ ಪುಸ್ತಕ ಪೂರ್ತಿ ಮುಗಿದು, ಒಂದೂವರೆ ಸ್ಥಾಯಿ ಒತ್ತದೆ, ಮೆತ್ತಗಿನ ಸದ್ದಿನಲ್ಲಿ ಬರತೊಡಗಿದ ಮೇಲೆ ಅದನ್ನು ಮಾಸ್ಟರ ಕೈಗೆ ಕೊಡಿ. ಎಲ್ಲಿಂದ ಎರಡು ಸಾಲು ಅಂತ ಅವರು ಗುರುತು ಹಾಕಿಕೊಡಲಿ. ಒಂದು ವರ್ಷಕ್ಕೆ ಆ ಹಂತಕ್ಕೆ ಬರುವ ಮಕ್ಕಳಿದ್ದಾರೆ, ಎರಡು ವರ್ಷ ಬೇಕಾಗುವವರೂ ಇದ್ದಾರೆ. ಎರಡು ವರ್ಷವಾದರೂ ತಡವಲ್ಲ.